ವಾಸನೆಯೇ ಶುದ್ಧಿಯಲ್ಲ: ತೋಟದ ಕಟ್ಟಡಗಳಿಗೆ ರೋಗಾಣುನಾಶಕಗಳ ಆಯ್ಕೆ



ಮಳೆಗಾಲ ಹಿಂದೆ ಸರಿದು ಕೊಯ್ಲಿನ ದಿನಗಳು ಹತ್ತಿರವಾದಂತೆ ನಮ್ಮೆಲ್ಲರ ತೋಟಗಳಲ್ಲಿಯೂ ದೊಡ್ಡ ಶುಚಿಕಾರ್ಯವೊಂದು ನಡೆಯುತ್ತದೆ. ಉಗ್ರಾಣದ ಧೂಳು ಹೊಡೆಯುವುದು, ಕಣ ಸರಿಪಡಿಸುವುದು, ಲೈನ್ ಮನೆಗಳಿಗೆ ಸುಣ್ಣ ಬಳಿಸುವುದು, ಕೊಟ್ಟಿಗೆ, ಬಚ್ಚಲು, ಪಾಯಿಖಾನೆಗಳನ್ನು ತೊಳೆಸುವುದು ಇವೆಲ್ಲ ಒಂದಾದ ಮೇಲೊಂದು ಆಗಬೇಕಾಗುತ್ತದೆ. ಇದೇ ವೇಳೆಗೆ ಪೇಟೆಯಿಂದ ಫಿನಾಯಿಲ್ ಡಬ್ಬಿ, ಬ್ಲೀಚಿಂಗ್ ಪೌಡರಿನ ಚೀಲ, ಆಸಿಡ್ ಬಾಟಲಿಗಳೂ ತೋಟ ಸೇರುತ್ತವೆ.

ಬೋರ್ಡೋ ದ್ರಾವಣ ತಯಾರಿಸುವಾಗ ನಾವು ಎಷ್ಟು ಎಚ್ಚರದಿಂದಿರುತ್ತೇವೆ ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ತೂಗಿ ಹಾಕುತ್ತೇವೆ. ಚಾಕುವಿನ ಅಲಗನ್ನು ಅದ್ದಿ, ತಾಮ್ರದ ಬಣ್ಣ ಹತ್ತುತ್ತದೆಯೋ ಎಂದು ಪರೀಕ್ಷಿಸುತ್ತೇವೆ. ಅಡಿಕೆ ಮರದ ಕೊಳೆರೋಗಕ್ಕೆ ಇಷ್ಟು ಲೆಕ್ಕ ಇಡುವ ನಾವೇ, ಮನೆ ಕೊಟ್ಟಿಗೆ ತೊಳೆಯುವ ಔಷಧವನ್ನು ಮಾತ್ರ ಕೈಗೆ ಬಂದಷ್ಟು ಸುರಿಯುತ್ತೇವೆ. ಮೂಗಿಗೆ ಘಾಟು ಹೊಡೆದರೆ ಕೆಲಸವಾಯಿತು ಎಂದು ತಿಳಿಯುತ್ತೇವೆ. ಹೀಗೆ ಸುರಿದದ್ದು ನೆಲದ ಮೇಲೆಯೇ ಉಳಿಯುವುದಿಲ್ಲ. ಅದು ಕಾಫಿ ಚೀಲಕ್ಕೆ, ಗೋಬರ್ ಗ್ಯಾಸ್ ತೊಟ್ಟಿಗೆ, ಬಾವಿಯ ಕಡೆಗೆ, ತೊಳೆಯುವ ಹೆಂಗಸಿನ ಕೈಗೆ ಮತ್ತು ಎದೆಗೆ ಹೋಗುತ್ತದೆ. ಆದ್ದರಿಂದ ಯಾವ ಜಾಗಕ್ಕೆ ಯಾವುದು ತಕ್ಕುದು, ಎಷ್ಟು ಸಾಕು, ಯಾವುದನ್ನು ಬಿಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ಶುಚಿ ಮಾಡುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ

ಸಾಬೂನು ಮತ್ತು ನೀರು ಕೊಳೆಯನ್ನು ಎಬ್ಬಿಸಿ ಒಯ್ಯುತ್ತವೆ. ಕೊಳೆಯೊಡನೆ ಅದಕ್ಕೆ ಅಂಟಿದ ರೋಗಾಣುಗಳೂ ಬಹುಮಟ್ಟಿಗೆ ಹೋಗುತ್ತವೆ. ಇದು ಶುಚಿಕಾರ್ಯ. ಉಳಿದ ರೋಗಾಣುಗಳನ್ನು ರಾಸಾಯನಿಕದಿಂದಲೋ ಬಿಸಿಯಿಂದಲೋ ಕೊಲ್ಲುವುದು ಎರಡನೆಯ ಕೆಲಸ. ಮೊದಲನೆಯದು ಎಲ್ಲ ಕಡೆಯೂ ಪ್ರತಿದಿನ ಬೇಕು. ಎರಡನೆಯದು ಕೆಲವು ಕಡೆ, ಕೆಲವು ಸಂದರ್ಭಗಳಲ್ಲಿ ಮಾತ್ರ ಬೇಕು.

ಮೊದಲನೆಯ ಕೆಲಸ ಮಾಡದೆ ಎರಡನೆಯದಕ್ಕೆ ಕೈ ಹಾಕಿದರೆ ಹಣ ದಂಡ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಸಗಣಿ, ಮಣ್ಣು, ಎಲೆಯ ಚೂರು, ಜಿಡ್ಡು ಇವುಗಳ ಜೊತೆ ಸೇರಿ ಖರ್ಚಾಗಿಬಿಡುತ್ತದೆ. ರೋಗಾಣುವನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಕಸುವೇ ಉಳಿದಿರುವುದಿಲ್ಲ. ಸಗಣಿ ಮೆತ್ತಿದ ನೆಲದ ಮೇಲೆ ಪುಡಿಯನ್ನು ಎರಚಿದರೆ ನೋಡಲು ಬೆಳ್ಳಗಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ.

ಆದ್ದರಿಂದ ಕ್ರಮ ಹೀಗಿರಬೇಕು: ಗುಡಿಸುವುದು, ನೀರಿನಿಂದ ತೊಳೆಯುವುದು, ಸಾಬೂನು ಅಥವಾ ವಾಷಿಂಗ್ ಸೋಡದ ನೀರಿನಿಂದ ಉಜ್ಜುವುದು, ಮತ್ತೆ ತೊಳೆಯುವುದು, ಅಗತ್ಯವಿದ್ದರೆ ಮಾತ್ರ ರೋಗಾಣುನಾಶಕ ಹಚ್ಚಿ ಕನಿಷ್ಠ 10 ನಿಮಿಷ ಒದ್ದೆಯಾಗಿಯೇ ಬಿಡುವುದು, ಕೊನೆಗೆ ಗಾಳಿ ಬೆಳಕಿನಲ್ಲಿ ಒಣಗಿಸುವುದು. ಹಚ್ಚಿದ ಕೂಡಲೆ ಒರೆಸಿಬಿಟ್ಟರೆ ಔಷಧ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಒಣಗಿಸುವುದನ್ನು ಸಣ್ಣ ಮಾತೆಂದು ತಿಳಿಯಬಾರದು. ನಮ್ಮ ಮಲೆನಾಡಿನ ತೇವದಲ್ಲಿ ಬೂಷ್ಟು ಮತ್ತು ರೋಗಾಣುಗಳಿಗೆ ದೊಡ್ಡ ಶತ್ರುವೆಂದರೆ ಒಣ ನೆಲ ಮತ್ತು ಬಿಸಿಲು. ಇವೆರಡಕ್ಕೂ ಬಿಲ್ಲು ಇಲ್ಲ.

ಇನ್ನೊಂದು ವಿಷಯ. ರೋಗ ಹರಡುವ ದಾರಿ ತಿಳಿಯದೆ ಔಷಧ ಸುರಿಯುವುದರಿಂದ ಫಲವಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಕಾಡಿನ ಉಣುಗಿನಿಂದ ಬರುತ್ತದೆ. ಮನೆಯ ನೆಲಕ್ಕೆ ಫಿನಾಯಿಲ್ ಹಾಕಿದರೆ ಅದು ತಡೆಯುವುದಿಲ್ಲ. ಡೆಂಗ್ಯೂ ತರುವ ಸೊಳ್ಳೆಗೆ ಬೇಕಾದದ್ದು ನಿಂತ ನೀರನ್ನು ಚೆಲ್ಲುವುದು. ವಾಂತಿಭೇದಿ, ಆಮಶಂಕೆ ಮುಂತಾಗಿ ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುವ ರೋಗಗಳಿಗೂ, ಇಲಿಯ ಮೂತ್ರದಿಂದ ಬರುವ ಇಲಿಜ್ವರಕ್ಕೂ, ದನಗಳ ಕಾಲುಬಾಯಿ ಜ್ವರಕ್ಕೂ ರೋಗಾಣುನಾಶಕದ ಉಪಯೋಗವುಂಟು.

ಅಂಗಡಿಯಲ್ಲಿ ಸಿಗುವ ಸರಕುಗಳ ಗುಣದೋಷ

ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಬಾಣಂತಿಯರನ್ನು ಮುಟ್ಟುವ ಮೊದಲು ವೈದ್ಯರೆಲ್ಲ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿ, ಬಾಣಂತಿ ಜ್ವರದ ಸಾವುಗಳನ್ನು ಬಹಳಷ್ಟು ಕಡಿಮೆ ಮಾಡಿದರು. 1867ರಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಬಳಸಿದ ತಮ್ಮ ಅನುಭವವನ್ನು ಪ್ರಕಟಿಸಿದರು. ನಮ್ಮ ಬ್ಲೀಚಿಂಗ್ ಪೌಡರು ಮೊದಲನೆಯದರ ವಂಶ. ಕರಿ ಫಿನಾಯಿಲ್ ಎರಡನೆಯದರ ಬಂಧು. ಎರಡೂ ಲೋಕಕ್ಕೆ ಉಪಕಾರ ಮಾಡಿದ ಪದಾರ್ಥಗಳೇ. ಆದರೆ ಎಲ್ಲ ಕಡೆಗೂ ಎರಡೂ ಹೊಂದುವುದಿಲ್ಲ.

ಕರಿ ಫಿನಾಯಿಲ್: ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಆಮ್ಲಗಳು ಇದರಲ್ಲಿವೆ. ನೀರಿಗೆ ಹಾಕಿದರೆ ಹಾಲಿನಂತಾಗುತ್ತದೆ. ಕೊಳೆ ಇದ್ದರೂ ಕ್ಲೋರಿನ್ನಿನಷ್ಟು ಬೇಗ ಸೋಲುವುದಿಲ್ಲ ಎಂಬುದು ಇದರ ಗುಣ. ಚರ್ಮ ಸುಡುವುದು, ಘಾಟು ಬಹುಕಾಲ ಉಳಿಯುವುದು, ಮೀನುಗಳಿಗೆ ವಿಷವಾಗುವುದು ಇದರ ದೋಷ. ಬೆಕ್ಕುಗಳಿಗಂತೂ ಇದು ಬಹಳ ಕೆಟ್ಟದ್ದು. ಈ ಜಾತಿಯ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಅವುಗಳ ಪಿತ್ತಜನಕಾಂಗಕ್ಕೆ ಸಾಲದು, ನೆಲ ತುಳಿದು ಕಾಲು ನೆಕ್ಕಿದರೂ ತೊಂದರೆಯಾಗುತ್ತದೆ. ಇಲಿ ಹಿಡಿಯುವ ಬೆಕ್ಕನ್ನು ಉಗ್ರಾಣದಲ್ಲಿ ಸಾಕಿದವರು ಇದನ್ನು ಮರೆಯಬಾರದು.

ಬಿಳಿ ಫಿನಾಯಿಲ್: ಪೈನ್ ಮರದ ಎಣ್ಣೆಯ ವಾಸನೆ ಇರುತ್ತದೆ. ಅಗ್ಗದ ಸರಕಿನಲ್ಲಿ ವಾಸನೆಯೇ ಹೆಚ್ಚು, ಕಸುವು ಕಡಿಮೆ. ದಿನಬಳಕೆಯ ನೆಲಕ್ಕೆ ಇದಕ್ಕಿಂತ ಸಾಬೂನಿನ ನೀರೇ ಸಾಕು.

ಬ್ಲೀಚಿಂಗ್ ಪೌಡರ್: ಹೊಸದಾಗಿದ್ದರೆ ಇದರಲ್ಲಿ ಸುಮಾರು 33 ಶೇಕಡಾ ಕ್ಲೋರಿನ್ ಕೆಲಸಕ್ಕೆ ಸಿಗುತ್ತದೆ. ಅಗ್ಗ, ಶಕ್ತಿಯುತ, ಕೆಲಸ ಮುಗಿದ ಮೇಲೆ ಬಹುಭಾಗ ಸಾಧಾರಣ ಲವಣವಾಗಿ ಬಿಡುತ್ತದೆ. ಆದರೆ ಗಾಳಿ, ತೇವ, ಬೆಳಕು ತಗುಲಿದರೆ ದಿನದಿನಕ್ಕೂ ಕಸುವು ಕಳೆದುಕೊಳ್ಳುತ್ತದೆ. ಬಾಯಿ ಬಿಚ್ಚಿದ ಚೀಲದಲ್ಲಿ ಒಂದು ಮಳೆಗಾಲ ಕಳೆದ ಪುಡಿ ಬರಿಯ ಸುಣ್ಣವೇ ಸರಿ. ಕಬ್ಬಿಣ, ತಗಡು, ಪಲ್ಪರಿನ ಭಾಗಗಳಿಗೆ ತುಕ್ಕು ಹಿಡಿಸುತ್ತದೆ.

ಆಸಿಡ್: ಪಾಯಿಖಾನೆಗೆಂದು ಮಾರುವ ಇದು ಗಡುಸು ನೀರಿನ ಕಲೆ ತೆಗೆಯಲು ಇರುವಂಥದು. ಪ್ರತಿವಾರದ ರೋಗಾಣುನಾಶಕ್ಕಾಗಿ ಇದರ ಅವಶ್ಯಕತೆಯಿಲ್ಲ. ಸಿಮೆಂಟನ್ನು ತಿನ್ನುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು.

ಬಣ್ಣಬಣ್ಣದ ನೆಲ ಒರೆಸುವ ದ್ರಾವಣಗಳು: ಇವುಗಳಲ್ಲಿ ಬಹಳಷ್ಟರಲ್ಲಿ ಇರುವುದು ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಪದಾರ್ಥ. ಘಾಟು ಕಡಿಮೆ, ಚರ್ಮಕ್ಕೆ ಫಿನಾಯಿಲ್‌ನಷ್ಟು ಉಗ್ರವಲ್ಲ. ಆದರೆ ಸಾಬೂನು ಇದರ ಶಕ್ತಿಯನ್ನು ಕೆಡಿಸುತ್ತದೆ; ಸಾಬೂನಿನ ನೊರೆ ಪೂರ್ತಿ ತೊಳೆದ ಮೇಲೆಯೇ ಬಳಸಬೇಕು. ಹಳ್ಳಕ್ಕೆ ಸೇರಿದರೆ ಮೀನಿಗೂ ನೀರಿನ ಹುಳುಗಳಿಗೂ ವಿಷ.

ಫಾರ್ಮಲಿನ್: ಕೋಳಿ ಸಾಕಣೆಯವರ ಮೂಲಕ ಕೆಲವು ತೋಟಗಳಿಗೂ ಬಂದಿದೆ. ಇದರಿಂದ ಏಳುವ ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಜನ ವಾಸಿಸುವ ಕಟ್ಟಡಗಳಿಗೆ ಇದು ಬೇಡವೇ ಬೇಡ.

ಸುಣ್ಣ: ಹೊಸದಾಗಿ ಅರಳಿಸಿದ ಸುಣ್ಣದ ತೀವ್ರವಾದ ಕ್ಷಾರವನ್ನು ಬಹುತೇಕ ರೋಗಾಣುಗಳು ತಾಳಲಾರವು. ಗಾಳಿಗೆ ಒಡ್ಡಿಕೊಂಡು ಹಳತಾದ ಸುಣ್ಣ ಸೀಮೆಸುಣ್ಣದಂತಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಅಜ್ಜಂದಿರ ಕಾಲದಿಂದ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತ ಬಂದದ್ದು ಬರಿಯ ಅಂದಕ್ಕಾಗಿ ಅಲ್ಲ.

ವಾಷಿಂಗ್ ಸೋಡ: ಅಡಿಗೆ ಸೋಡವಲ್ಲ, ಬಟ್ಟೆ ಒಗೆಯುವ ಸೋಡ. ಜಿಡ್ಡು ತೆಗೆಯುತ್ತದೆ. ಇದರ 4 ಶೇಕಡಾ ದ್ರಾವಣ ಕಾಲುಬಾಯಿ ಜ್ವರದ ವೈರಸ್ಸನ್ನು ಕೊಲ್ಲುತ್ತದೆ. ಆ ವೈರಸ್ಸು ಕ್ಷಾರವನ್ನೂ ಆಮ್ಲವನ್ನೂ ತಾಳುವುದಿಲ್ಲ.

ಹೈಡ್ರೋಜನ್ ಪೆರಾಕ್ಸೈಡ್: ಔಷಧದ ಅಂಗಡಿಯಲ್ಲಿ 3 ಶೇಕಡಾ ದ್ರಾವಣ ಸಿಗುತ್ತದೆ. ಕೆಲಸವಾದ ಮೇಲೆ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ, ವಾಸನೆ ಉಳಿಸುವುದಿಲ್ಲ. ಬೆಲೆ ಹೆಚ್ಚಾದ್ದರಿಂದ ಅಡಿಗೆ ಮನೆಯ ಹಲಗೆ, ರೋಗಿಯ ಮೇಜು ಮುಂತಾದ ಸಣ್ಣ ಜಾಗಗಳಿಗೆ ಮಾತ್ರ.

ಇನ್ನು ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿದ್ದರೆ, 'ಗಿಡಮೂಲಿಕೆಯದು' ಎಂದು ಬರೆದಿದ್ದರೆ ಅದು ನಿರಪಾಯ ಎಂದು ತಿಳಿಯಬೇಕಾಗಿಲ್ಲ. ಒಳಗೆ ಏನಿದೆ, ಎಷ್ಟು ಶೇಕಡಾ ಇದೆ, ಎಷ್ಟು ನೀರು ಬೆರೆಸಬೇಕು, ಯಾವ ತಿಂಗಳಲ್ಲಿ ತಯಾರಾದದ್ದು ಎಂಬ ನಾಲ್ಕು ವಿಷಯಗಳು ಚೀಟಿಯಲ್ಲಿ ಇಲ್ಲದ ಸರಕನ್ನು ಕೊಳ್ಳದಿರುವುದೇ ಲೇಸು.

ಉಗ್ರಾಣ: ಇಲ್ಲಿ ಫಿನಾಯಿಲ್ ಬೇಡ, ಕ್ಲೋರಿನ್ನೂ ಬೇಡ

ಬೆಳೆಗಾರರಾದ ನಮಗೆ ಅತಿ ಹೆಚ್ಚು ನಷ್ಟ ತರಬಲ್ಲ ವಿಷಯ ಇದು. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ. ಗೋಣಿ ಚೀಲ ಅದಕ್ಕೆ ತಡೆಯಲ್ಲ. ಫಿನಾಯಿಲ್ ಹಾಕಿ ಒರೆಸಿದ ಕೋಣೆಯಲ್ಲಿಟ್ಟ ಚೀಲವನ್ನು ಹುರಿದು ಕುದಿಸಿ ರುಚಿ ನೋಡುವವರು ತಕ್ಷಣ ಗುರುತಿಸಬಲ್ಲರು.

ಕ್ಲೋರಿನ್ನಿನ ಕೇಡು ಇನ್ನೂ ಸೂಕ್ಷ್ಮವಾದದ್ದು. ಬ್ರೆಜಿಲ್ ದೇಶದ ಕೆಲವು ಕಾಫಿಗಳಲ್ಲಿ ಔಷಧದಂತಹ ಒಂದು ಕೆಟ್ಟ ರುಚಿ ಇರುತ್ತದೆ. ಅದಕ್ಕೆ 'ರಿಯೋ' ರುಚಿ ಎಂದು ವ್ಯಾಪಾರದಲ್ಲಿ ಹೆಸರು. ಟ್ರೈಕ್ಲೋರೋ ಅನಿಸೋಲ್ ಎಂಬ ಪದಾರ್ಥ ಇದಕ್ಕೆ ಮುಖ್ಯ ಕಾರಣವೆಂದು 1990ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇದೇ ಪದಾರ್ಥ ದ್ರಾಕ್ಷಾಮದ್ಯದ ಬಾಟಲಿಯ ಬಿರಡೆಗಳನ್ನೂ ಕೆಡಿಸುತ್ತದೆ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯುತ್ತದೆ. ಮರದಲ್ಲಿ ಸಹಜವಾಗಿರುವ ಫಿನಾಲ್ ಜಾತಿಯ ವಸ್ತುಗಳಿಗೆ ಕ್ಲೋರಿನ್ ತಗುಲಿದರೆ ಕ್ಲೋರೋಫಿನಾಲ್‌ಗಳು ಹುಟ್ಟುತ್ತವೆ. ತೇವದಲ್ಲಿ ಬೆಳೆಯುವ ಬೂಷ್ಟು ಅವನ್ನು ಈ ಕೆಟ್ಟ ಪದಾರ್ಥವಾಗಿ ಮಾರ್ಪಡಿಸುತ್ತದೆ. ಮರದ ಹಲಗೆ, ಬ್ಲೀಚಿಂಗ್ ಪೌಡರ್, ಬೂಷ್ಟು ಈ ಮೂರೂ ಒಟ್ಟಿಗೆ ಸೇರಲು ಮಲೆನಾಡಿನ ಉಗ್ರಾಣಕ್ಕಿಂತ ಅನುಕೂಲವಾದ ಸ್ಥಳ ಇನ್ನಾವುದು? ಈ ಕಾರಣದಿಂದಲೇ ದ್ರಾಕ್ಷಾಮದ್ಯ ತಯಾರಕರಲ್ಲಿ ಅನೇಕರು ತಮ್ಮ ನೆಲಮಾಳಿಗೆಗಳಿಂದ ಕ್ಲೋರಿನ್ನನ್ನು ಹೊರಗೆ ಹಾಕಿದ್ದಾರೆ.

ಉಗ್ರಾಣಕ್ಕೆ ಬೇಕಾದದ್ದು ಇಷ್ಟು. ಕೊಯ್ಲಿಗೆ ಒಂದು ತಿಂಗಳು ಮುಂಚೆ ಖಾಲಿ ಮಾಡಿ ಗುಡಿಸಬೇಕು. ಇಲಿಯ ಹಿಕ್ಕೆ ಇದ್ದಲ್ಲಿ ಒಣಗಿದ್ದಾಗಲೇ ಗುಡಿಸಿ ಧೂಳೆಬ್ಬಿಸಬಾರದು. ಸಾಬೂನಿನ ನೀರಿನಿಂದ ತೋಯಿಸಿ, ಕೈಗೆ ರಬ್ಬರ್ ಗವಸು ಹಾಕಿ ಒರೆಸಿ ತೆಗೆಯಬೇಕು. ಗೋಡೆಗೆ ಹೊಸ ಸುಣ್ಣ ಬಳಿದು ಪೂರ್ತಿ ಒಣಗಲು ಬಿಡಬೇಕು. ಮರದ ಹಲಗೆಗಳನ್ನು ಹೊರಗೆ ತಂದು ಬಿಸಿ ಸೋಡ ನೀರಿನಿಂದ ಉಜ್ಜಿ ತೊಳೆದು ನಾಲ್ಕಾರು ದಿನ ಸುಡುಬಿಸಿಲಿಗೆ ಹಾಕಬೇಕು. ಚೀಲಗಳು ಗೋಡೆಗೆ ತಾಗದಂತೆ, ನೆಲಕ್ಕೆ ಮುಟ್ಟದಂತೆ ಇರಬೇಕು. ಫಿನಾಯಿಲ್, ಸೀಮೆಎಣ್ಣೆ, ಗೊಬ್ಬರ, ಸಿಂಪರಣಾ ಔಷಧಗಳಿಗೆ ಬೇರೆ ಕೋಣೆಯೇ ಇರಬೇಕು.

ಅಡಿಕೆಗೂ ಇದೇ ಮಾತು. ಅಡಿಕೆ ಒಣಗಿಸುವ ಅಂಗಳಕ್ಕೆ ಇರುವೆ, ಹುಳು ಬಾರದಿರಲೆಂದು ಫಿನಾಯಿಲ್ ಚಿಮುಕಿಸುವ ಪದ್ಧತಿ ಅಲ್ಲಲ್ಲಿ ಉಂಟು. ಅದನ್ನು ಬಿಡುವುದು ಒಳ್ಳೆಯದು. ಬಾಯಿಗೆ ಹಾಕುವ ಪದಾರ್ಥ ಬೀಳುವ ಜಾಗಕ್ಕೆ ಡಾಂಬರಿನ ಎಣ್ಣೆ ಏತಕ್ಕೆ?

ಸಂಘದ ಉಗ್ರಾಣದಲ್ಲಿ ಹಲವರ ಸರಕು ಒಂದೇ ಸೂರಿನಡಿ ಇರುತ್ತದೆ. ಒಬ್ಬರ ನಾಲ್ಕು ಚೀಲದ ಘಾಟು ಪಕ್ಕದವರ ನಲವತ್ತು ಚೀಲದ ಬೆಲೆ ತಗ್ಗಿಸಬಲ್ಲದು. ಆದ್ದರಿಂದಲೇ ಈ ವಿಷಯದಲ್ಲಿ ನಾವು ಸ್ವಲ್ಪ ಒತ್ತಿ ಹೇಳುತ್ತಿದ್ದೇವೆ.

ಕೊಟ್ಟಿಗೆ ಮತ್ತು ಗೋಬರ್ ಗ್ಯಾಸ್

'ಗ್ಯಾಸ್ ಸರಿಯಾಗಿ ಬರುತ್ತಿಲ್ಲ' ಎಂದು ದೂರುವ ಸದಸ್ಯರನ್ನು ನಾವು ಮೊದಲು ಕೇಳುವ ಪ್ರಶ್ನೆ, ಕೊಟ್ಟಿಗೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಸಗಣಿಯಿಂದ ಅನಿಲ ಮಾಡುವವು ಕಣ್ಣಿಗೆ ಕಾಣದ ಜೀವಾಣುಗಳು. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಸಾಬೂನು ಪುಡಿ ಇವು ಒಳ್ಳೆಯ ಜೀವಾಣು, ಕೆಟ್ಟ ಜೀವಾಣು ಎಂದು ಭೇದ ಮಾಡುವುದಿಲ್ಲ. ತೊಳೆದ ನೀರು ತೊಟ್ಟಿಗೆ ಸೇರಿದರೆ ಒಲೆ ಆರುತ್ತದೆ. ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಬೇಕಾಗಬಹುದು.

ಹಾಲು ಕರೆಯುವ ಜಾಗದಲ್ಲಿ ಫಿನಾಯಿಲ್ ಬಳಸಿದರೆ ಹಾಲಿಗೂ ವಾಸನೆ ಹತ್ತುತ್ತದೆ. ಗಂಜಲ ನಿಂತ ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕಿದರೆ ಗಂಜಲದ ಅಮೋನಿಯಾದೊಡನೆ ಕ್ಲೋರಿನ್ ಸೇರಿ ಕಣ್ಣು, ಗಂಟಲು ಉರಿಸುವ ಅನಿಲ ಏಳುತ್ತದೆ.

ದಿನನಿತ್ಯ ಕೊಟ್ಟಿಗೆಗೆ ಸಗಣಿ ಬಾಚಿ ತೆಗೆದು ಬರಿಯ ನೀರಿನಿಂದ ತೊಳೆದು, ಗಂಜಲ ಹರಿದು ಹೋಗುವಂತೆ ಇಳಿಜಾರು ಇಟ್ಟರೆ ಸಾಕು. ಮೂರು ತಿಂಗಳಿಗೊಮ್ಮೆ ಗೋಡೆಗೆ ಮತ್ತು ತೊಳೆದು ಒಣಗಿಸಿದ ಮೂಲೆಗಳಿಗೆ ಸುಣ್ಣದ ಹಾಲು ಬಳಿಯಬಹುದು. ಊರಲ್ಲಿ ಕಾಲುಬಾಯಿ ಜ್ವರ ಕಂಡಾಗ ಮಾತ್ರ ತೊಳೆದ ನೆಲಕ್ಕೂ, ಬಾಗಿಲಲ್ಲಿ ಕಾಲು ಅದ್ದಿ ಬರುವ ಗೋಣಿಯ ಹಾಸಿಗೂ 4 ಶೇಕಡಾ ವಾಷಿಂಗ್ ಸೋಡದ ನೀರು ಬಳಸಬೇಕು. ಆ ದಿನಗಳಲ್ಲಿ ತೊಳೆದ ನೀರನ್ನು ಗ್ಯಾಸ್ ತೊಟ್ಟಿಗೆ ಬಿಡದೆ ಬೇರೆ ಗುಂಡಿಗೆ ತಿರುಗಿಸಬೇಕು. ದನಗಳಿಗೆ ಲಸಿಕೆ ಹಾಕಿಸುವುದು ಇದೆಲ್ಲಕ್ಕಿಂತ ಮುಖ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಲೈನ್ ಮನೆ, ಬಚ್ಚಲು, ಪಾಯಿಖಾನೆ

ಲೈನ್ ಮನೆಗಳಲ್ಲಿ ಒಂದೇ ಪಾಯಿಖಾನೆಯನ್ನು ಎರಡು ಮೂರು ಸಂಸಾರ ಬಳಸುವುದುಂಟು. ಇಲ್ಲಿ ರೋಗಾಣುನಾಶಕದ ಅಗತ್ಯ ನಿಜವಾಗಿಯೂ ಇದೆ. ಪ್ರತಿದಿನ ಸಾಬೂನು ನೀರು ಮತ್ತು ಬ್ರಷ್. ವಾರಕ್ಕೆರಡು ಸಲ ತೊಳೆದ ನೆಲ, ಬಾಗಿಲ ಚಿಲಕ, ನಲ್ಲಿಯ ತಿರುಪುಗಳಿಗೆ ಬ್ಲೀಚಿಂಗ್ ಪೌಡರಿನ ತಿಳಿ ನೀರು ಹಚ್ಚಿದರೆ ಸಾಕು. ವಾಂತಿಭೇದಿ ಬಂದ ಮನೆಯಿದ್ದರೆ ದಿನವೂ, ಹೆಚ್ಚು ಕಸುವಿನ ದ್ರಾವಣದಿಂದ ಮಾಡಬೇಕು.

ಸೆಪ್ಟಿಕ್ ಟ್ಯಾಂಕು ಕೂಡ ಗೋಬರ್ ಗ್ಯಾಸಿನಂತೆಯೇ ಜೀವಾಣುಗಳ ಬಲದಿಂದ ನಡೆಯುವಂಥದು. ನೆಲ ಒರೆಸಿದ ಅಷ್ಟಿಷ್ಟು ನೀರಿನಿಂದ ಅದಕ್ಕೆ ತೊಂದರೆಯಿಲ್ಲ. ಬಾಟಲಿಗಟ್ಟಲೆ ಆಸಿಡ್, ಫಿನಾಯಿಲ್ ಸುರಿದರೆ ಅದು ಕೆಲಸ ನಿಲ್ಲಿಸಿ ಬೇಗ ತುಂಬುತ್ತದೆ, ನಾರುತ್ತದೆ. ನಾತ ಬಂತೆಂದು ಮತ್ತೆ ಫಿನಾಯಿಲ್ ಸುರಿಯುವುದು, ಇದರಿಂದ ಮತ್ತೂ ನಾತ ಏಳುವುದು ಕೊನೆಯಿಲ್ಲದ ಸುತ್ತು.

ಕೈ ತೊಳೆಯಲು ಸಾಬೂನು ಇಡುವುದನ್ನು ಮರೆಯಬಾರದು. ರೋಗಾಣುನಾಶಕ ಬೆರೆಸಿದ ಸಾಬೂನೇ ಬೇಕೆಂದಿಲ್ಲ. ಟ್ರೈಕ್ಲೋಸಾನ್ ಮುಂತಾದವುಗಳನ್ನು ಬೆರೆಸಿದ ಕೈಸಾಬೂನುಗಳು ಸಾಧಾರಣ ಸಾಬೂನಿಗಿಂತ ಮೇಲೆಂದು ತಯಾರಕರು ರುಜುವಾತು ಮಾಡಲಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಅವುಗಳ ಮಾರಾಟವನ್ನೇ ತಡೆಯಿತು.

ಅಳತೆ

ಬ್ಲೀಚಿಂಗ್ ಪೌಡರ್ 33 ಶೇಕಡಾ ಕಸುವಿನದು ಎಂದಿಟ್ಟುಕೊಂಡು 10 ಲೀಟರಿನ ಬಕೆಟ್ಟಿಗೆ ಲೆಕ್ಕ ಹೀಗಿದೆ:

ಸಾಮಾನ್ಯ ಬಳಕೆಗೆ, ಅಂದರೆ 0.1 ಶೇಕಡಾ ಕ್ಲೋರಿನ್ನಿಗೆ: 30 ಗ್ರಾಂ.

ರೋಗಿಯ ಮಲ, ವಾಂತಿ, ರಕ್ತ ಬಿದ್ದ ಜಾಗಕ್ಕೆ, ಅಂದರೆ 0.5 ಶೇಕಡಾ ಕ್ಲೋರಿನ್ನಿಗೆ: 150 ಗ್ರಾಂ.

ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ, 10 ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಬಳಸಬೇಕು. ಪ್ಲಾಸ್ಟಿಕ್ ಬಕೆಟ್ಟು ಮಾತ್ರ, ತಗಡಿನದು ಬೇಡ. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಅಂಗಡಿಯ 5 ಶೇಕಡಾ ಕಸುವಿನ ಬ್ಲೀಚ್ ದ್ರಾವಣವಾದರೆ 0.1 ಶೇಕಡಾ ಮಾಡಲು 10 ಲೀಟರಿಗೆ 200 ಮಿ.ಲೀ. ಸಾಕು.

ವಾಷಿಂಗ್ ಸೋಡ, 4 ಶೇಕಡಾ: 10 ಲೀಟರು ನೀರಿಗೆ 400 ಗ್ರಾಂ.

ಸುಣ್ಣದ ಹಾಲು, 10ರಿಂದ 20 ಶೇಕಡಾ: 1 ಕಿಲೋ ಸುಣ್ಣಕ್ಕೆ 10ರಿಂದ 5 ಲೀಟರು ನೀರು. ಸುಟ್ಟ ಸುಣ್ಣ ಅರಳುವಾಗ ಕುದಿದು ಸಿಡಿಯುತ್ತದೆ. ಕನ್ನಡಕ ಹಾಕಿ, ಮಕ್ಕಳನ್ನು ದೂರವಿಡಬೇಕು.

ಫಿನಾಯಿಲ್: ಚೀಟಿಯಲ್ಲಿ ಹೇಳಿದಷ್ಟೇ. ಹೆಚ್ಚು ಹಾಕಿದರೆ ಹೆಚ್ಚು ಶುದ್ಧಿ ಎಂಬ ನಿಯಮವಿಲ್ಲ. ಹೆಚ್ಚಾದದ್ದು ಚರಂಡಿಗೆ, ಹಣವೂ ಅದರ ಜೊತೆಗೆ.

ಪ್ರಾಣಕ್ಕೆ ಸಂಬಂಧಿಸಿದ ಕೆಲವು ಮಾತುಗಳು

ಮೊದಲನೆಯದಾಗಿ, ಬ್ಲೀಚಿಂಗ್ ಪೌಡರಿನ ಜೊತೆ ಆಸಿಡ್ ಸೇರಬಾರದು. ಎರಡನ್ನೂ ಸೇರಿಸಿದರೆ ಇನ್ನೂ ಚೆನ್ನಾಗಿ ಕೊಳೆ ಹೋಗುತ್ತದೆಂದು ತಿಳಿದು ಬೆರೆಸುವವರಿದ್ದಾರೆ. ಬೆರೆಸಿದರೆ ಹೊರಡುವುದು ಕ್ಲೋರಿನ್ ಅನಿಲ. ಒಂದನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯಿಲ್ಲದ ಸಣ್ಣ ಪಾಯಿಖಾನೆಯಲ್ಲಿ ಕುಳಿತು ಉಜ್ಜುವವರ ಗತಿಯೇನೆಂದು ಯೋಚಿಸಬೇಕು. ಘಾಟು ಎದ್ದರೆ ಎಲ್ಲವನ್ನೂ ಬಿಟ್ಟು ಕೂಡಲೆ ಬಯಲಿಗೆ ಬರಬೇಕು. ಆಸಿಡ್ ಬಳಸಿದ ದಿನ ಬ್ಲೀಚಿಂಗ್ ಪೌಡರ್ ಮುಟ್ಟಬಾರದು.

ಎರಡನೆಯದಾಗಿ, ಯಾವುದನ್ನೂ ಸೋಡ, ಜ್ಯೂಸ್ ಬಾಟಲಿಗಳಿಗೆ ಬಗ್ಗಿಸಿ ಇಡಬಾರದು. ದೊಡ್ಡ ಕ್ಯಾನಿನಿಂದ ಲೈನ್ ಮನೆಗಳಿಗೆ ಹಂಚುವಾಗ ಹೀಗೆ ಮಾಡುವುದು ಸಾಮಾನ್ಯವಾಗಿದೆ. ನೀರು ಬೆರೆತ ಫಿನಾಯಿಲ್ ಮಗುವಿನ ಕಣ್ಣಿಗೆ ಹಾಲಿನಂತೆಯೇ ಕಾಣುತ್ತದೆ. ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ಹೋದ ದಾರಿಯಲ್ಲೇ ಮತ್ತೊಮ್ಮೆ ಸುಡುತ್ತ ಬರುತ್ತದೆ, ಶ್ವಾಸಕ್ಕೂ ಸೇರಬಹುದು. ಬಾಯಿ ತೊಳೆಸಿ, ಬಾಟಲಿಯನ್ನೂ ಜೊತೆಗೊಯ್ದು ತಕ್ಷಣ ವೈದ್ಯರ ಬಳಿ ಹೋಗಬೇಕು. ಕಣ್ಣಿಗೋ ಮೈಗೋ ಬಿದ್ದರೆ 15 ನಿಮಿಷ ಧಾರಾಳವಾದ ನೀರಿನಿಂದ ತೊಳೆಯಬೇಕು.

ಮೂರನೆಯದಾಗಿ, ಸಿಂಪಡಿಸುವುದಕ್ಕಿಂತ ಒರೆಸುವುದು ಮೇಲು. 2020ರಲ್ಲಿ ಕೊರೋನಾ ಬಂದಾಗ ತೋಟದ ಬೆನ್ನಿನ ಪಂಪುಗಳನ್ನೇ ತೆಗೆದುಕೊಂಡು ಬೀದಿ, ಗೋಡೆ, ಕಡೆಗೆ ಮನುಷ್ಯರ ಮೇಲೂ ಔಷಧ ಹೊಡೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಜನರ ಮೇಲೆ ಸಿಂಪಡಿಸಬಾರದೆಂದು ಆ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ತಿಳಿಸಿತು. ಬೀದಿಗಳಿಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲವೆಂದು ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತಿಳಿಸಿತು. ಹನಿಗಳು ಗಾಳಿಯಲ್ಲಿ ತೇಲಿ ಎದೆ ಸೇರುತ್ತವೆ. ಗೋಡೆ ಸಮನಾಗಿ ತೋಯುವುದೂ ಇಲ್ಲ. ಅದೂ ಅಲ್ಲದೆ ಕಳೆನಾಶಕ ಹೊಡೆದ ಪಂಪನ್ನು ಮನೆಯೊಳಗೆ ತರುವುದು ಎಂದಿಗೂ ಸಲ್ಲದು.

ನಾಲ್ಕನೆಯದಾಗಿ, ತೊಳೆಯುವವರ ಕೈಗೆ ರಬ್ಬರ್ ಗವಸು, ಕಾಲಿಗೆ ಬೂಟು ಕೊಡುವುದು ಮಾಲೀಕರ ಕರ್ತವ್ಯ. ನಮ್ಮ ತೋಟಗಳಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಬರಿಗೈಯಲ್ಲಿ ಫಿನಾಯಿಲ್ ಬಟ್ಟೆ ಹಿಂಡಿ ಕೈ ಒಡೆದುಕೊಂಡವರು ಮರುದಿನ ಹಣ್ಣು ಕುಯ್ಯಲು ಬರಬೇಕಾಗುತ್ತದೆ. ಅವರಿಗೆ ಅಳತೆಯನ್ನು ತೋರಿಸಿ ಕೊಡುವುದೂ ನಮ್ಮ ಕೆಲಸವೇ. ಚೀಟಿ ಓದಲು ಬಾರದಿದ್ದರೆ ಅಳತೆಯ ಲೋಟಕ್ಕೆ ಬಣ್ಣದ ಗೆರೆ ಹಾಕಿ ಕೊಡಬಹುದು.

ಐದನೆಯದಾಗಿ, ತೊಳೆದ ನೀರು ಬಾವಿಗೆ, ಹಳ್ಳಕ್ಕೆ ನೇರವಾಗಿ ಇಳಿಯಬಾರದು. ನಮ್ಮ ತೋಟಗಳೆಲ್ಲ ಇಳಿಜಾರಿನವು. ಮೇಲಿನವರ ಬಚ್ಚಲ ನೀರು ಕೆಳಗಿನವರ ಹಳ್ಳದ ನೀರು. ಬಾವಿಯಿಂದ ದೂರದಲ್ಲಿ, ಇಳಿಜಾರಿನ ಕೆಳಬದಿಗೆ ಜಲ್ಲಿ ತುಂಬಿದ ಗುಂಡಿ ತೋಡಿ ಅದಕ್ಕೆ ಬಿಡಬೇಕು. ಖಾಲಿ ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯುವುದೂ ಅಲ್ಲೇ ಎಸೆಯುವುದೂ ನಿಲ್ಲಬೇಕು.

ಬ್ಲೀಚಿಂಗ್ ಪೌಡರನ್ನು ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲೆಯ ಒಣ ಜಾಗದಲ್ಲಿ ಇಡಬೇಕು. ಎಣ್ಣೆ, ಆಸಿಡ್, ಗೊಬ್ಬರಗಳ ಹತ್ತಿರ ಇಡಬಾರದು. ವರ್ಷಕ್ಕೊಂದು ದೊಡ್ಡ ಚೀಲ ತರುವುದಕ್ಕಿಂತ ಬೇಕಾದಾಗ ಸಣ್ಣ ಪೊಟ್ಟಣ ತರುವುದೇ ಲಾಭ.

ಕೊನೆಯದಾಗಿ

ಸಾಬೂನು, ವಾಷಿಂಗ್ ಸೋಡ, ಹೊಸ ಸುಣ್ಣ, ಬಿಸಿಲು ಈ ನಾಲ್ಕರಿಂದಲೇ ತೋಟದ ಕಟ್ಟಡಗಳ ಬಹುಪಾಲು ಕೆಲಸ ನಡೆಯುತ್ತದೆ. ಪಾಯಿಖಾನೆಗೆ ಮತ್ತು ರೋಗಿಯಿರುವ ಮನೆಗೆ ಅಳತೆಯ ಬ್ಲೀಚಿಂಗ್ ಪೌಡರ್ ಇರಲಿ. ಫಿನಾಯಿಲ್‌ಗೆ ಉಳಿಯುವುದು ಹೊರಗಿನ ಚರಂಡಿಯಂತಹ ಕೆಲವೇ ಜಾಗ. ಅಲ್ಲಿಯೂ ನೀರು ಹಳ್ಳಕ್ಕೆ ಇಳಿಯದಿದ್ದರೆ ಮಾತ್ರ. ಫಾರ್ಮಲಿನ್ ಬೇಡ.

ಮೇಲಿನ ಅಳತೆಗಳ ಪಟ್ಟಿಯನ್ನು ಸಂಘದ ಕಛೇರಿಯ ಗೋಡೆಗೆ ಹಾಕಲಾಗಿದೆ. ಬೇಕಾದವರು ಬರೆದುಕೊಂಡು ಹೋಗಿ ತಮ್ಮ ಲೈನ್ ಮನೆಯ ಗೋಡೆಗೂ ಅಂಟಿಸಬಹುದು. ಈ ಹಂಗಾಮಿನ ಸರಕು ತರುವ ಮುನ್ನ ಸದಸ್ಯರು ತಮ್ಮ ಚೀಲಗಳನ್ನೊಮ್ಮೆ ಮೂಸಿ ನೋಡಬೇಕೆಂದೂ, ಫಿನಾಯಿಲ್, ಸೀಮೆಎಣ್ಣೆಯ ಘಾಟು ಇರುವ ಚೀಲಗಳಲ್ಲಿ ಕಾಫಿ ತುಂಬಬಾರದೆಂದೂ ವಿನಂತಿ. ಉಗ್ರಾಣದ ಬಾಗಿಲು ತೆರೆದಾಗ ಕಾಫಿಯ ವಾಸನೆ ಮಾತ್ರ ಬಂದರೆ ಶುಚಿ ಸರಿಯಾಗಿದೆ ಎಂದು ತಿಳಿಯಬಹುದು.

ಕಾರ್ಯದರ್ಶಿ